ಪದ ಪರಿಚಯ: ಮ್ಯಾನ್ ಪೇಜ್

ಯುನಿಕ್ಸ್ ಅಥವಾ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಗಣಕದಲ್ಲಿ ಆದೇಶಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಮ್ಯಾನ್’ ಎಂದು ಟೈಪಿಸಿ, ಅದರ ಮುಂದೆ ಒಂದು ಆದೇಶದ ಹೆಸರನ್ನು ಕೊಟ್ಟರೆ ಪರದೆಯ ಮೇಲೆ ತೆರೆದುಕೊಳ್ಳುವ ವಿವರಣೆಗೆ ಮ್ಯಾನ್ ಪೇಜ್ ಎಂದು ಹೆಸರು. ‘ಮ್ಯಾನ್ಯುಯಲ್’ ಎಂಬ ಪದದ ಮೊದಲ ತುಂಡೇ ಈ ‘ಮ್ಯಾನ್’. ಆ ಪದದ ಬೇರು ಲ್ಯಾಟಿನ್‌ನಲ್ಲಿ ಕೈ ಎಂಬ ಅರ್ಥ ಕೊಡುವ ಪದದಲ್ಲಿದೆ. ನಮ್ಮ ‘ಕೈಪಿಡಿ’ಯೂ ಹಾಗೆಯೇ ಹುಟ್ಟಿದ್ದು, ಹಳಗನ್ನಡದ ‘ಪಿಡಿ’ ಮುಂದೆ ‘ಹಿಡಿ’ಯಾದರೂ ಈ ಸಮಾಸದಲ್ಲಿ ಹಳೆಯ ರೂಪವೇ ಉಳಿದುಕೊಂಡಿದೆ.

ಮ್ಯಾನ್ ಪೇಜ್‌ಗಳ ಮೂಲ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿ. ಅದರ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಿಸಿದ ಕಡತಗಳು, ‘ಇದನ್ನೂ ನೋಡಿ’ ಎಂಬ ಸೂಚನೆ ಮತ್ತು ‘ಬಗ್ಸ್’, ಅಂದರೆ ಗೊತ್ತಿರುವ ದೋಷಗಳು ಎಂಬ ಶೀರ್ಷಿಕೆಗಳ ಚೌಕಟ್ಟು ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ತಾವೇ ಬರೆದ ತಂತ್ರಾಂಶದ ಕೊರತೆಗಳನ್ನು ತಮ್ಮದೇ ಕೈಪಿಡಿಯಲ್ಲಿ ಒಪ್ಪಿಕೊಳ್ಳುವ ಈ ಪದ್ಧತಿ ನನಗೆ ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ. ಕೈಪಿಡಿ ಅಚ್ಚುಕಟ್ಟಾಗಿರಬೇಕೆಂದು ಪಟ್ಟು ಹಿಡಿದವರಲ್ಲಿ ಅದೇ ಪ್ರಯೋಗಾಲಯದ ಡಗ್ ಮೆಕಿಲ್ರಾಯ್ ಪ್ರಮುಖರು. ವಿವರಿಸಲು ಹೊರಟಾಗ ಮಾತು ತೊಡಕಾದರೆ, ಪುಟವನ್ನು ಬಿಟ್ಟು ತಂತ್ರಾಂಶವನ್ನೇ ತಿದ್ದುವ ರೂಢಿ ಆ ತಂಡದಲ್ಲಿತ್ತು.

ಇಷ್ಟು ಶ್ರದ್ಧೆಯಿಂದ ಬೆಳೆದ ಪುಟಗಳು ಹೊಸಬರಿಗೆ ಕಬ್ಬಿಣದ ಕಡಲೆಯಾಗುವುದು ಏಕೆ ಎಂಬುದನ್ನು ತಿಳಿಯಲು ‘ಬಳಕೆಯೋಗ್ಯತೆ’ ಎಂಬ ಪರಿಕಲ್ಪನೆ ನೆರವಾಗುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ‘ಐಎಸ್ಒ 9241’ ಮಾನಕದ 11ನೇ ಭಾಗದ ಪ್ರಕಾರ, ಗೊತ್ತುಪಡಿಸಿದ ಬಳಕೆದಾರರು, ಗೊತ್ತುಪಡಿಸಿದ ಸನ್ನಿವೇಶದಲ್ಲಿ, ಗೊತ್ತುಪಡಿಸಿದ ಗುರಿಯನ್ನು ಎಷ್ಟು ಸರಿಯಾಗಿ, ಎಷ್ಟು ಕಡಿಮೆ ಶ್ರಮದಲ್ಲಿ, ಎಷ್ಟು ತೃಪ್ತಿಯಿಂದ ಮುಟ್ಟುತ್ತಾರೆ ಎಂಬುದೇ ಬಳಕೆಯೋಗ್ಯತೆಯ ಅಳತೆ. ಹಾಗಾಗಿ ಯಾರು, ಯಾವ ಪ್ರಶ್ನೆ ಹೊತ್ತು ತೆರೆದರು ಎಂಬುದನ್ನು ಬಿಟ್ಟು ಒಂದು ಕೈಪಿಡಿ ಚೆನ್ನಾಗಿದೆ ಎನ್ನುವುದಕ್ಕೆ ಅರ್ಥವಿಲ್ಲ.

ನಿಗದಿತ ವೇಳೆಗೆ ಕೆಲಸ ತಾನಾಗಿ ನಡೆಯುವಂತೆ ಮಾಡುವ ‘ಕ್ರಾನ್‌ಟ್ಯಾಬ್’ ಇದಕ್ಕೆ ಒಳ್ಳೆಯ ನಿದರ್ಶನ. ಪ್ರತಿದಿನ ಬೆಳಗಿನ ಜಾವ ಕಡತಗಳ ಪ್ರತಿ ತೆಗೆದಿಡಬೇಕೆಂದು ಬಯಸುವವರಿಗೆ ಬೇಕಾದದ್ದು ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ ಎಂಬ ಐದು ಅಂಕಣಗಳ ಕ್ರಮ ಮಾತ್ರ. ಆದರೆ ‘ಮ್ಯಾನ್ ಕ್ರಾನ್‌ಟ್ಯಾಬ್’ ಎಂದರೆ ತೆರೆದುಕೊಳ್ಳುವುದು ಆ ಹೆಸರಿನ ಆದೇಶದ ಪುಟ. ಅಂಕಣಗಳ ವಿವರ ಇರುವುದು ಅದೇ ಹೆಸರಿನ ಇನ್ನೊಂದು ಪುಟದಲ್ಲಿ. ಕೈಪಿಡಿಯ 1ನೇ ವಿಭಾಗ ಆದೇಶಗಳಿಗೆ, 5ನೇ ವಿಭಾಗ ಕಡತಗಳ ರಚನೆಗೆ ಮೀಸಲು ಎಂದು ಮೊದಲೇ ತಿಳಿದವರು ‘ಮ್ಯಾನ್ 5 ಕ್ರಾನ್‌ಟ್ಯಾಬ್’ ಎಂದು ಕೇಳುತ್ತಾರೆ; ತಿಳಿಯದವರು ಪುಟವನ್ನು ಮೇಲಿಂದ ಕೆಳಗೆ ಓದಿ ಬರಿಗೈಯಲ್ಲಿ ಹಿಂತಿರುಗುತ್ತಾರೆ. ಎರಡು ಪುಟಗಳಲ್ಲಿಯೂ ತಪ್ಪು ಮಾಹಿತಿಯಿಲ್ಲ, ತಡವರಿಸುವುದು ದಾರಿಯಲ್ಲಿ.

ಇನ್ನೊಂದು ತೊಡಕು, ಆದೇಶದ ಹೆಸರೇ ತಿಳಿಯದೆ ಪುಟ ತೆರೆಯಲಾಗದು ಎಂಬುದು. ‘ಮ್ಯಾನ್ -ಕೆ’ ಎಂದು ಬರೆದು ಒಂದು ಪದ ಕೊಟ್ಟರೆ ಎಲ್ಲ ಪುಟಗಳ ಹೆಸರಿನ ಸಾಲುಗಳಲ್ಲಿ ಅದನ್ನು ಹುಡುಕಬಹುದು. ಲಿನಕ್ಸ್ ಗಣಕಗಳಲ್ಲಿ ಬಳಕೆಯಲ್ಲಿರುವ ಗ್ನೂ ತಂತ್ರಾಂಶದ ‘ಎಂವಿ’ ಆದೇಶದ ಸಾಲಿನಲ್ಲಿ ಕಡತಗಳನ್ನು ಸ್ಥಳಾಂತರಿಸು ಎಂಬುದರ ಜೊತೆಗೆ, ಆವರಣದೊಳಗೆ, ಹೆಸರು ಬದಲಿಸು ಎಂಬ ಪದವೂ ಇದೆ. ಕಡತದ ಹೆಸರು ಬದಲಿಸಲು ಬಂದವರಿಗೆ ಈ ಆದೇಶ ಕೈಗೆ ಸಿಗುವುದು ಆವರಣದ ಆ ಒಂದು ಪದದಿಂದ. ಬರೆದವರು ಓದುಗರ ಬಾಯಲ್ಲಿ ಬರುವ ಮಾತನ್ನು ಊಹಿಸಿದ್ದರು.

1980ರ ದಶಕದಲ್ಲಿ ಐಬಿಎಂ ಸಂಶೋಧಕ ಜಾನ್ ಕ್ಯಾರಲ್ ಮತ್ತು ಸಂಗಡಿಗರು ವರ್ಡ್ ಪ್ರೊಸೆಸರ್ ಕಲಿಯುವವರನ್ನು ಗಮನಿಸಿದಾಗ, ಅವರು ಕೈಪಿಡಿಯನ್ನು ಕ್ರಮವಾಗಿ ಓದದೆ ನೇರವಾಗಿ ಕೆಲಸಕ್ಕೆ ಕೈಹಾಕುವುದು ಕಂಡುಬಂದಿತು. ಪೀಠಿಕೆಗಳನ್ನು ಕತ್ತರಿಸಿ, ನಿಜವಾದ ಕೆಲಸದಿಂದ ಆರಂಭಿಸಿ, ತಪ್ಪಾದಾಗ ಸರಿಪಡಿಸುವ ಬಗೆ ಹೇಳುವ ಕಿರು ಕೈಪಿಡಿಯನ್ನು ಅವರು ರೂಪಿಸಿದರು. ಮ್ಯಾನ್ ಪೇಜ್‌ಗಳು ಇದಕ್ಕೆ ತದ್ವಿರುದ್ಧವಾದ ಓದುಗರಿಗಾಗಿ, ಅಂದರೆ ಕೆಲಸ ಬಲ್ಲವರು ಒಂದು ವಿವರವನ್ನು ಖಚಿತಪಡಿಸಿಕೊಳ್ಳಲೆಂದು ಬರೆದಂಥವು. ಅವುಗಳ ‘ಸಿನಾಪ್ಸಿಸ್’, ಅಂದರೆ ಬಳಸುವ ರೀತಿಯ ಭಾಗದಲ್ಲಿ ಚೌಕ ಆವರಣದೊಳಗಿನದು ಐಚ್ಛಿಕ, ಮೂರು ಚುಕ್ಕಿಯಿದ್ದರೆ ಅದನ್ನು ಮತ್ತೆ ಮತ್ತೆ ಕೊಡಬಹುದು ಎಂಬ ಸಂಕೇತಭಾಷೆ, ಬಲ್ಲವರಿಗೆ ಅರೆಗಳಿಗೆಯಲ್ಲಿ ಉತ್ತರ ಕೊಡುತ್ತದೆ.

ಟೈಪಿಸಿದ ಆದೇಶಗಳನ್ನು ಓದಿ ನಡೆಸುವ ‘ಬ್ಯಾಶ್’ ತಂತ್ರಾಂಶದ ಪುಟವಂತೂ ಇಂದು ಸಾವಿರಾರು ಸಾಲುಗಳಷ್ಟು ಬೆಳೆದಿದೆ. ಅದನ್ನು ‘ಪೇಜ್’ ಎನ್ನುವುದು ರೂಢಿಯ ಮಾತಷ್ಟೇ. ಅಂಥಲ್ಲಿ ಓರೆಗೆರೆಯ ಕೀಲಿ ಒತ್ತಿ ಪದ ಹುಡುಕುವುದು, ‘ಕ್ಯೂ’ ಒತ್ತಿ ಹೊರಬರುವುದು ಇವೆರಡನ್ನು ಮೊದಲ ದಿನವೇ ಕಲಿಯಬೇಕು. ಉದಾಹರಣೆಗಳ ಕೊರತೆಯನ್ನು ತುಂಬಲು ಸ್ವಯಂಸೇವಕರು ‘ಟಿಎಲ್‌ಡಿಆರ್’ ಎಂಬ ಸಂಗ್ರಹವನ್ನು ಕಟ್ಟಿದ್ದಾರೆ. ಅದರಲ್ಲಿ ಪ್ರತಿ ಆದೇಶಕ್ಕೂ ದಿನಬಳಕೆಯ ಕೆಲವೇ ಪ್ರಯೋಗಗಳಿರುತ್ತವೆ. ಆದರೆ ಅಪರೂಪದ ಒಂದು ಆಯ್ಕೆ ಏನು ಮಾಡುತ್ತದೆ ಎಂಬ ಸಂಶಯ ಬಂದಾಗ ಅಲ್ಲಿಂದಲೂ ಮರಳಬೇಕಾದದ್ದು ಹಳೆಯ ಮ್ಯಾನ್ ಪೇಜ್‌ಗೇ.