ಕೈ ಮರೆಯದ 37 ಚುಕ್ಕಿ

ನಮ್ಮ ದೊಡ್ಡಮ್ಮನಿಗೆ 82. ಶಿವಮೊಗ್ಗದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಂಡಿನೋವಿನಿಂದಾಗಿ ಗೇಟು ದಾಟಿ ಎರಡು ವರ್ಷವಾಯಿತು. ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಹತ್ತು ಗಂಟೆಯ ಹೊತ್ತಿಗೆ ಮರೆತಿರುತ್ತದೆ. ಹೋದ ಧನುರ್ಮಾಸದಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗಿ ಒಂದು ಕರಿಹಲಗೆ, ಒಂದು ಬಟ್ಟಲು ರಂಗೋಲಿ ಪುಡಿ ತಂದು ಅವರ ಕುರ್ಚಿಯ ಮುಂದಿನ ಮೇಜಿನ ಮೇಲಿಟ್ಟಳು. ‘ಕೈ ನಡುಗತ್ತೆ ಕಣೇ, ನಂಗೇನೂ ನೆನಪಿಲ್ಲ’ ಎಂದರು ದೊಡ್ಡಮ್ಮ. ಹಾಗೆನ್ನುತ್ತಲೇ ಚಿಟಿಕೆ ಪುಡಿ ಹಿಡಿದು ನಡುಸಾಲಿಗೆ 7 ಚುಕ್ಕಿ ಇಟ್ಟರು. ಅದರ ಮೇಲೂ ಕೆಳಗೂ ಸಂದುಚುಕ್ಕಿ: 6, 5, 4. ಅವರು ಎಣಿಸಲಿಲ್ಲ. ಹುಡುಗಿ ಎಣಿಸಿದಳು. 37, ಒಂದೂ ತಪ್ಪಿರಲಿಲ್ಲ.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೆನಪೆಂದರೆ ಒಂದೇ ಡಬ್ಬ, ವಯಸ್ಸಾದಂತೆ ಅದರ ತಳ ಕಾಣುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಆಮೇಲೆ ‘ರಾಮಾ ಕೃಷ್ಣಾ ಅಂತ ಕೂತಿರಲಿ’ ಎಂದು ಹಿರಿಯರನ್ನು ಟೀವಿಯ ಮುಂದೆ ಕೂರಿಸುತ್ತೇವೆ, ಜ್ಞಾಪಕಶಕ್ತಿಗೆಂದು ಜಾಹೀರಾತಿನ ಪುಡಿ ತಂದು ಕುಡಿಸುತ್ತೇವೆ. ಆದರೆ ಡಬ್ಬ ಒಂದೇ ಅಲ್ಲ.

ಇದು ಗೊತ್ತಾಗಿದ್ದು ಒಂದು ದುರಂತದಿಂದ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27ರ ತರುಣನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಕಡಲಕುದುರೆಯನ್ನು ಹೋಲುವ ಪುಟ್ಟ ಭಾಗ ಅದು. ಅಲ್ಲಿಂದಾಚೆಗೆ ಅವನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೊಂದು ನಕ್ಷತ್ರದ ಚಿತ್ರ ಕೊಟ್ಟು, ಕನ್ನಡಿಯಲ್ಲಿ ಮಾತ್ರ ನೋಡುತ್ತ ಗೆರೆ ತಿದ್ದಲು ಹೇಳಿದರು. ನೀವೂ ಮಾಡಿ ನೋಡಿ, ಕೈ ಎತ್ತಲೋ ಓಡುತ್ತದೆ. ಮೂರು ದಿನಗಳಲ್ಲಿ ಅವನ ತಪ್ಪುಗಳು ಕಡಿಮೆಯಾಗುತ್ತ ಬಂದವು. ಆದರೆ ಇದೇ ಕೆಲಸವನ್ನು ಹಿಂದಿನ ದಿನ ಮಾಡಿದ್ದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ತಲೆ ಮರೆತದ್ದನ್ನು ಕೈ ಕಲಿತಿತ್ತು!

ನಡೆದ ಸಂಗತಿಗಳ ನೆನಪು ದಿನಚರಿಯ ಪುಸ್ತಕವಿದ್ದಂತೆ. ಅದನ್ನು ಬರೆದಿಡುವ ಗುಮಾಸ್ತ ಹಿಪೊಕ್ಯಾಂಪಸ್. ಮರೆವು ತರುವ ಆಲ್ಜೈಮರ್ ಕಾಯಿಲೆ ಮೊದಮೊದಲಿಗೇ ಹಾಳುಗೆಡವುವ ಜಾಗಗಳಲ್ಲಿ ಅದೂ ಒಂದು. ಕೈಕೆಲಸದ ನೆನಪಾದರೋ ಗದ್ದೆಬದುವಿನ ಕಾಲುದಾರಿ. ಅದನ್ನು ಯಾರೂ ಬರೆದಿಟ್ಟಿಲ್ಲ, ನಡೆದೂ ನಡೆದೂ ಸವೆದು ಆದದ್ದು. ಪುಸ್ತಕ ಸುಟ್ಟರೂ ದಾರಿ ಉಳಿಯುತ್ತದೆ. ಅಡುಗೆಯವರ ಕೈಅಳತೆಯೂ ಹೀಗೆಯೇ: ಸಾರಿಗೆ ಎಷ್ಟು ಉಪ್ಪು ಎಂದು ಕೇಳಿದರೆ ತಡವರಿಸುತ್ತಾರೆ, ಹಾಕಿ ಎಂದರೆ ಸರಿಯಾಗಿ ಹಾಕುತ್ತಾರೆ. ಈ ದಾರಿಗಳು ಸವೆಯುವುದು ಬೇಸಲ್ ಗ್ಯಾಂಗ್ಲಿಯಾ, ಸೆರಿಬೆಲ್ಲಮ್ ಎಂಬ ಬೇರೆಯೇ ಭಾಗಗಳಲ್ಲಿ. ಅವಕ್ಕೂ ಕುತ್ತು ಬರುತ್ತದೆ. ಪಾರ್ಕಿನ್ಸನ್ ಕಾಯಿಲೆ ಬೇಸಲ್ ಗ್ಯಾಂಗ್ಲಿಯಾವನ್ನೇ ಕಾಡುತ್ತದೆ. ರಂಗೋಲಿ ಹಾಕಿಸಿದರೆ ಮರೆವಿನ ರೋಗ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿದಿರುವ ದಾರಿಯಲ್ಲಿ ಹಿರಿಯರನ್ನು ನಡೆಯಗೊಡಿ ಎಂಬುದಷ್ಟೇ ನನ್ನ ಮಾತು.

ಇಂಗ್ಲೆಂಡಿನಲ್ಲಿ 50 ದಾಟಿದ 6,710 ಜನರನ್ನು 14 ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಕೆಲವು ತಿಂಗಳಿಗೊಮ್ಮೆಯಾದರೂ ನಾಟಕ, ಸಂಗೀತ ಕಛೇರಿ, ಮ್ಯೂಸಿಯಂಗೆ ಹೋಗುತ್ತಿದ್ದವರು ಆ ಅವಧಿಯಲ್ಲಿ ಸಾಯುವ ಸಾಧ್ಯತೆ, ಎಂದೂ ಹೋಗದವರಿಗಿಂತ 31% ಕಡಿಮೆ ಇತ್ತು. ಕಲೆಯೇ ಆಯುಸ್ಸು ಹೆಚ್ಚಿಸಿತು ಎನ್ನಲಾಗದು. ಆರೋಗ್ಯ, ಹಣ ಮೊದಲಾದವುಗಳ ಲೆಕ್ಕ ತೆಗೆದೇ ಈ ಅಂಕಿ ಬಂದಿದ್ದರೂ, ಗಟ್ಟಿಮುಟ್ಟಾಗಿರುವವರೇ ಹೊರಗೆ ಹೋಗುತ್ತಾರೆ ಎಂಬ ಅನುಮಾನ ಪೂರ್ತಿ ಹೋಗುವುದಿಲ್ಲ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಮೆಟ್ಟಿಲಿಳಿಯಲಾಗದವರ ಗತಿಯೇನು? ರಂಗಮಂದಿರಕ್ಕೆ ಅವರು ಬರಲಾರರು. ಕಲೆಯೇ ಅವರ ಮನೆಗೆ ಹೋಗಬೇಕು.

ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತಿಸ್ಸನ ಮನೆಯಲ್ಲಿ ಆದದ್ದು ಅದೇ. 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಅವನ ದಿನಗಳು ಬಹುಪಾಲು ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕಳೆದವು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ತಂದುಕೊಡುತ್ತಿದ್ದರು, ಅವನು ಕತ್ತರಿ ಆಡಿಸುತ್ತಿದ್ದ, ತೋರಿಸಿದ ಜಾಗಕ್ಕೆ ಅವರು ಅದನ್ನು ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದರು. 1952ರಲ್ಲಿ, 82ರ ವಯಸ್ಸಿನಲ್ಲಿ, ನೀಸ್ ಪಟ್ಟಣದ ತನ್ನ ಊಟದ ಕೋಣೆಯ ಗೋಡೆಗಳ ಮೇಲೆಲ್ಲ ನೀಲಿ ಕಾಗದದ ಈಜುಗಾರರನ್ನು ಹಾಯಿಸಿದ. ಬಣ್ಣದ ಕಾಗದ ತಂದುಕೊಡುವ ಕೈಗಳಿರದಿದ್ದರೆ ಆ ಗೋಡೆಗಳು ಬರಿದಾಗಿಯೇ ಇರುತ್ತಿದ್ದವು.

ಮನೆಗೆ ಹೋಗುವವರು ಮಕ್ಕಳ ಬಣ್ಣ ತುಂಬುವ ಪುಸ್ತಕವನ್ನಂತೂ ಒಯ್ಯಬೇಡಿ, ಅದು ಅವಮಾನ. ಧಾರವಾಡದ ಕಡೆಯ ಅಜ್ಜಿಗೆ ಹಳೇ ಸೀರೆಯ ತುಂಡು ಕೊಟ್ಟು ಕೌದಿ ಹೊಲಿಯುವುದನ್ನು ಹೇಳಿಕೊಡಿ ಎನ್ನಿ. ದೀಪ ಹತ್ತಿರವಿರಲಿ. 60 ದಾಟಿದವರ ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ 20ರವರಿಗೆ ಸಿಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ತಲುಪುತ್ತದೆ. ಹಲಗೆ ಕಪ್ಪಗಿದ್ದದ್ದರಿಂದಲೇ ದೊಡ್ಡಮ್ಮನಿಗೆ ಬಿಳಿಯ ಎಳೆ ಕಂಡಿತು.

ದೂರದ ಊರಿನ ಮಕ್ಕಳು ಫೋನಿನಲ್ಲಿ ಜೊತೆಗೂಡಿ ಹಾಡಲು ಹೋದರೆ ತಾಳ ತಪ್ಪುತ್ತದೆ. ದನಿ ತಲುಪುವುದು ಕ್ಷಣದ ಒಂದು ಚೂರು ತಡವಾದರೂ ಸಾಕು. ಆದರೆ ಸೋಬಾನೆ ಪದದಲ್ಲಿ ಒಬ್ಬರು ಹೇಳಿ ಮುಗಿಸಿದ ಮೇಲೆ ಇನ್ನೊಬ್ಬರು ಸೊಲ್ಲು ಹಿಡಿಯುತ್ತಾರೆ. ಅಲ್ಲಿ ತಡವೇ ತೊಡಕಾಗುವುದಿಲ್ಲ. ಅಮ್ಮ ಹೇಳಲಿ, ಮಗಳು ಸೊಲ್ಲು ಹಿಡಿಯಲಿ.

ಆ ಹುಡುಗಿ ಈಗ ಬುಧವಾರ, ಶನಿವಾರ ಬರುತ್ತಾಳೆ. ಹೋದ ವಾರ ಅವಳೆಳೆದ ಎಳೆಯೊಂದು ಚುಕ್ಕಿಯನ್ನು ಸುತ್ತದೆ ಅದರ ಮೇಲೇ ಹಾದುಹೋಯಿತು. ದೊಡ್ಡಮ್ಮ ಅಂಗೈಯಿಂದ ಅದನ್ನು ಒರೆಸಿ, ‘ಮತ್ತೆ ಹಾಕು’ ಎಂದರು. ಅಂದಿನ ಮಾತ್ರೆ ನುಂಗಿದ್ದು ನೆನಪಿರಲಿಲ್ಲ. ಹುಡುಗಿಯೇ ಡಬ್ಬಿ ತೆಗೆದು ನೋಡಿದಳು.