ಸೊಳ್ಳೆಗಳ ಪೈಪೋಟಿಯಲ್ಲಿ ಕಾಣದ ಮೂರನೆಯದು

ಮಳೆಗಾಲದಲ್ಲಿ ಸಕಲೇಶಪುರದ ಕಡೆ ತೋಟಕ್ಕೆ ಹೋದರೆ, ಕೆಳಗೆ ಬಿದ್ದ ಅಡಿಕೆ ಹಾಳೆಯನ್ನು ಒಮ್ಮೆ ಬಗ್ಗಿ ನೋಡಿ. ಒಂದು ಬೊಗಸೆ ನೀರು, ಕೊಳೆತ ಎಲೆ, ತಲೆಕೆಳಗಾಗಿ ನೇತಾಡುವ ಸೊಳ್ಳೆ ಮರಿಗಳು. ನಿಮ್ಮ ನೆರಳು ಬಿದ್ದರೆ ಸಾಕು, ಎಲ್ಲವೂ ಸರ್ರನೆ ತಳಕ್ಕೆ ಇಳಿಯುತ್ತವೆ. ಅಷ್ಟು ಸ್ವಲ್ಪ ನೀರಲ್ಲಿ ಎಲ್ಲಕ್ಕೂ ಊಟ ಸಾಲಬೇಕಲ್ವಾ? ಸಾಲದೇ ಹೋದಾಗ ಒಂದು ಜಾತಿ ಬೆಳೆದು ಹಾರುತ್ತದೆ, ಇನ್ನೊಂದು ಸೊರಗುತ್ತದೆ. ಈ ಸೋಲು ಗೆಲುವಿನಲ್ಲಿ ಮರಿಗಳ ಕರುಳೊಳಗಿನ ಪರಾವಲಂಬಿಗೂ ಪಾಲಿದೆ.

ಇದು ಮೊದಲು ಚೆನ್ನಾಗಿ ಗೊತ್ತಾಗಿದ್ದು ಹಿಟ್ಟಿನ ಹುಳಗಳಿಂದ. ಷಿಕಾಗೋದ ಥಾಮಸ್ ಪಾರ್ಕ್ ಎರಡು ಜಾತಿಯ ಹುಳಗಳನ್ನು ಒಂದೇ ಹಿಟ್ಟಿನಲ್ಲಿ ಸಾಕಿ, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಡೆಲಿನಾ ಎಂಬ ಪರಾವಲಂಬಿ ಇದ್ದಾಗ ಸಾಮಾನ್ಯವಾಗಿ ಒಂದು ಜಾತಿ ಉಳಿಯಿತು. ಅದಿಲ್ಲದಾಗ ಇನ್ನೊಂದರದೇ ಮೇಲುಗೈ.

ಸೊಳ್ಳೆಗಳಲ್ಲಿರುವುದು ಆಸ್ಕೊಗ್ರೆಗರೈನಾ ಎಂಬ ಒಂದೇ ಕೋಶದ ಜೀವಿ. ಡೆಂಗಿ ಹರಡುವ ಈಡಿಸ್ ಈಜಿಪ್ಟಿಯಲ್ಲಿ ಇದನ್ನು ಕಂಡು 1898ರಲ್ಲಿ ವಿವರಿಸಿದವರು ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್. ಮರಿ ನೀರಿನ ಕಸ ತಿನ್ನುವಾಗ ಇದರ ಬೀಜಕಣವನ್ನೂ ನುಂಗುತ್ತದೆ. ಕಣ ಕರುಳಿನ ಗೋಡೆ ಹೊಕ್ಕು ಬೆಳೆಯುತ್ತದೆ. ಬೆಳೆದ ಸೊಳ್ಳೆಯ ಹಿಕ್ಕೆಯಿಂದಲೋ, ಅದು ನೀರಲ್ಲೇ ಸತ್ತರೋ, ಹೊಸ ಕಣಗಳು ಮತ್ತೆ ನೀರು ಸೇರುತ್ತವೆ. ಸೊಳ್ಳೆ ಮೊಟ್ಟೆಯೊಳಗೆ ಮಾತ್ರ ಇದು ಇರುವುದಿಲ್ಲ.

ಇಡೀ ಕಥೆ ತಿರುಗುವುದು ಇಲ್ಲೇ. ನಮ್ಮ ಏಷ್ಯಾದ ಹುಲಿ ಸೊಳ್ಳೆ, ಅಂದರೆ ಈಡಿಸ್ ಆಲ್ಬೊಪಿಕ್ಟಸ್, 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಯೂರಿದ್ದು ಗೊತ್ತಾಯಿತು. ಹಡಗಿನಲ್ಲಿ ಬಂದ ಹಳೇ ಟೈರುಗಳಲ್ಲಿ ಅದರ ಮೊಟ್ಟೆ ಅಂಟಿಕೊಂಡಿತ್ತು. ಒಣಗಿದರೂ ತಿಂಗಳುಗಟ್ಟಲೆ ಬದುಕುವ ಮೊಟ್ಟೆ ಅದು. ಹೊಸ ಜಾಗಗಳಿಗೆ ಸೊಳ್ಳೆ ಮೊದಲು ಹೋಯಿತು, ಪರಾವಲಂಬಿ ಹಿಂದೆ ಉಳಿಯಿತು. ಪರಾವಲಂಬಿ ಇಲ್ಲದ ಹುಲಿ ಸೊಳ್ಳೆಯಿಂದ ಅಮೆರಿಕದ ಮರದ ಪೊಟರೆ ಸೊಳ್ಳೆಗೆ ಪೆಟ್ಟು ಜಾಸ್ತಿ ಬಿತ್ತು ಎಂದು ಸಂಶೋಧಕರಾದ ಅಲಿಯಾಬಾದಿ ಮತ್ತು ಜೂಲಿಯಾನೊ 2002ರಲ್ಲಿ ತೋರಿಸಿದರು. ಪರಾವಲಂಬಿ ಹೊತ್ತ ಹುಲಿ ಸೊಳ್ಳೆ ಮರಿಗಳ ಜೊತೆ ಬೆಳೆದಾಗ ಪೊಟರೆ ಸೊಳ್ಳೆಗೆ ಅಷ್ಟು ಕಷ್ಟವಾಗಲಿಲ್ಲ.

ಮಲೆನಾಡಿನಲ್ಲಿ ಈಜಿಪ್ಟಿಯೂ ಇದೆ, ಹುಲಿ ಸೊಳ್ಳೆಯೂ ಇದೆ. ಒಂದಕ್ಕೆ ಮನೆಯ ಡ್ರಮ್ಮು, ತೊಟ್ಟಿ ಇಷ್ಟ. ಇನ್ನೊಂದಕ್ಕೆ ತೋಟದ ಹಾಳೆ, ಬಿದಿರಿನ ಬುಡ. ಎರಡೂ ಡೆಂಗಿ ಹರಡಬಲ್ಲವು. 2024ರಲ್ಲಿ ರಾಜ್ಯ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಹಾಗಾಗಿ ಯಾವ ನೀರಲ್ಲಿ ಯಾವುದು ಗೆಲ್ಲುತ್ತದೆ ಅನ್ನೋದು ನನಗೆ ಸುಮ್ನೆ ಕುತೂಹಲದ ವಿಷಯವಲ್ಲ. ಹಾಸನದ ಪಂಚರ್ ಅಂಗಡಿ ಮುಂದೆ ನಿನ್ನೆ ಹಾಕಿದ ಟೈರಿಗೆ ಇವತ್ತು ಮಳೆ ನೀರು ತುಂಬಿದರೆ, ಪರಾವಲಂಬಿ ಹೊತ್ತ ಸೊಳ್ಳೆ ಬರುವ ತನಕ ಅದರಲ್ಲಿ ಒಂದು ಕಣವೂ ಇರುವುದಿಲ್ಲ. ಮೊದಲ ಮರಿಗಳು ಆರಾಮಾಗಿ ಬೆಳೆಯುತ್ತವೆ.