ಬ್ರೇಕ್ ಆಯಿಲ್ ಚೆಲ್ಲಿದರೆ ಕಾರಿನ ಬಣ್ಣ ಉಳಿಸಿಕೊಳ್ಳುವುದು ಹೇಗೆ?

ಗಂಗಾವತಿಯ ಓದುಗರೊಬ್ಬರು ಕೇಳಿದ್ದಾರೆ: "ಬ್ರೇಕ್ ಆಯಿಲ್ ಹಾಕುವಾಗ ಸ್ವಲ್ಪ ಮಡ್‌ಗಾರ್ಡ್ ಮೇಲೆ ಚೆಲ್ಲಿತು. ಆಗಲೇ ಬಟ್ಟೆಯಿಂದ ಒರೆಸಿದೆ. ಮರುದಿನ ನೋಡಿದರೆ ಬಣ್ಣ ಗುಳ್ಳೆ ಎದ್ದಿತ್ತು. ಒರೆಸಿದರೂ ಹೀಗೆ ಯಾಕಾಯ್ತು? ಮುಂದೆ ಏನು ಮಾಡಬೇಕು?"

ಬರೀ ಒರೆಸಿದರೆ ಸಾಲದು. ನೀರು ಸುರಿಯಬೇಕಿತ್ತು.

ನಾವೆಲ್ಲ ಅದನ್ನು ಬ್ರೇಕ್ ಆಯಿಲ್ ಅಂತೀವಿ, ಗೊಂದಲ ಶುರುವಾಗೋದೇ ಆ ಹೆಸರಿನಿಂದ. ಅದು ಎಣ್ಣೆಯಲ್ಲ. ನಮ್ಮ ಕಾರುಗಳಲ್ಲಿ ಇರುವ ಡಾಟ್ 3, ಡಾಟ್ 4 (ಇವು ಬ್ರೇಕ್ ದ್ರವದ ದರ್ಜೆಗಳು) ಗ್ಲೈಕಾಲ್ ಈಥರ್ ಅನ್ನುವ ರಾಸಾಯನಿಕದ ಜಾತಿಯವು. ಈ ದ್ರವ ಬಣ್ಣದೊಳಗೆ ಇಳಿದು, ಅದನ್ನು ಮೆತ್ತಗೆ ಮಾಡಿ, ಉಬ್ಬಿಸಿ, ತಗಡಿನಿಂದ ಬಿಡಿಸುತ್ತದೆ. ಪೆಟ್ರೋಲ್ ತರಹ ಆರಿಹೋಗುವುದೂ ಇಲ್ಲ, ಬಿದ್ದಲ್ಲೇ ಕೂತು ಕೆಲಸ ಮಾಡುತ್ತಿರುತ್ತದೆ. ಬಟ್ಟೆಯಲ್ಲಿ ತಿಕ್ಕಿದರೆ ತೆಳುವಾಗಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ, ಮೆತ್ತಗಾದ ಬಣ್ಣವೂ ಬಟ್ಟೆಗೆ ಅಂಟಿ ಬರುತ್ತದೆ. ಆದರೆ ಒಂದು ಒಳ್ಳೆಯ ಗುಣ ಇದೆ: ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಎಣ್ಣೆ ಅಂದುಕೊಂಡವರು ನೀರು ಹಾಕುವುದಿಲ್ಲ, ಸೀಮೆಎಣ್ಣೆ ಹುಡುಕುತ್ತಾರೆ. ಸೀಮೆಎಣ್ಣೆ, ಪೆಟ್ರೋಲ್ ಬ್ರೇಕಿನ ಹತ್ತಿರ ತರಲೇಬೇಡಿ, ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ.

ಹಾಗಾಗಿ ಚೆಲ್ಲಿದ ತಕ್ಷಣ ಮೊದಲು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಹಾಕಿ. ಇದನ್ನು ಮರೀಬೇಡಿ. ಬ್ರೇಕ್ ಆಯಿಲ್ ನೀರನ್ನು ಹೀರಿಕೊಳ್ಳುತ್ತದೆ, ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರುವ ಡಾಟ್ 4 ನೀರು ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು, ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಮುಚ್ಚಳ ಬಿಗಿಯಾದ ಮೇಲೆ, ಚೆಲ್ಲಿದ್ದರ ಮೇಲೆ ಒಣ ಬಟ್ಟೆ ಇಟ್ಟು ಹೀರಿಸಿ, ತಿಕ್ಕಬೇಡಿ. ಆಮೇಲೆ ಚೊಂಬಿನಿಂದ ಧಾರಾಳವಾಗಿ ನೀರು ಸುರಿಯಿರಿ, ಶಾಂಪೂ ನೀರಿನಿಂದ ತೊಳೆಯಿರಿ, ಮತ್ತೆ ನೀರು. ಬಾನೆಟ್ ಒಳಗೆ ಬಿದ್ದಿದ್ದರೆ ಫ್ಯೂಸ್ ಬಾಕ್ಸ್, ವೈರ್ ಕನೆಕ್ಟರ್ ಕಡೆ ನೀರು ಹೋಗದಂತೆ ಒದ್ದೆ ಬಟ್ಟೆ ಒತ್ತಿ ಒತ್ತಿ ತೆಗೆಯಿರಿ, ಬಟ್ಟೆಯನ್ನು ಪ್ರತಿ ಸಲ ಹಿಂಡಿ. ಬೇಸಿಗೆಯಲ್ಲಿ ನಮ್ಮಲ್ಲಿ ನಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲ ಅಲ್ವಾ, ಅದಕ್ಕೇ ಡಬ್ಬಿ ತೆರೆಯುವ ಮುಂಚೆಯೇ ಎರಡು ಬಕೆಟ್ ನೀರು ತುಂಬಿಸಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಬಿಸಿಲು ನಲವತ್ತು ದಾಟುವ ದಿನಗಳಲ್ಲಿ ಕಾದ ತಗಡಿನ ಮೇಲೆ ಬಿದ್ದರೆ ಹಾನಿ ಇನ್ನೂ ಬೇಗ ಆಗುತ್ತದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ನೆರಳಲ್ಲಿ ಮಾಡಿ.

ಮಡ್‌ಗಾರ್ಡ್ ಮೇಲೆ ಏನು ಹಾಸಬೇಕು? ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೆ ಬರವಿಲ್ಲ, ನಾನೂ ಮೊದಲು ಅದನ್ನೇ ಹಾಸುತ್ತಿದ್ದೆ. ಒಮ್ಮೆ ಅದರ ಮೇಲೆ ಚೆಲ್ಲಿದ್ದು ಗಮನಕ್ಕೇ ಬರಲಿಲ್ಲ. ಬಟ್ಟೆ ಹೀರಿಕೊಂಡು ಗಂಟೆಗಟ್ಟಲೆ ಬಣ್ಣಕ್ಕೆ ಒತ್ತಿಕೊಂಡೇ ಇತ್ತು. ಎತ್ತಿದಾಗ ಅಂಗೈ ಅಗಲ ಬಣ್ಣ ಸುಕ್ಕಾಗಿತ್ತು, ತುಂಬಾ ಬೇಜಾರಾಯ್ತು. ಈಗ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಬಟ್ಟೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕವರನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಅದೇ ಸಾಕು, ಭತ್ತದ ಸೀಮೆಯ ನಿಮಗೆ ಸುಲಭವಾಗಿ ಸಿಗುತ್ತದೆ. ವ್ಯಾಕ್ಸ್ ನಂಬಬೇಡಿ. ಅದು ಒಂದಿಷ್ಟು ಹೊತ್ತು ತಡೆಯಬಹುದು, ಅಷ್ಟೇ. ಕಂಪನಿ ಬಣ್ಣ ಸ್ವಲ್ಪ ತಾಳಿಕೊಳ್ಳುತ್ತದೆ, ಸ್ಪ್ರೇ ಡಬ್ಬಿಯಿಂದ ಟಚಪ್ ಮಾಡಿದ್ದು ಬಹಳ ಬೇಗ ಕಿತ್ತು ಬರುತ್ತದೆ. ಕ್ಯಾಲಿಪರ್‌ಗೆ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಬಣ್ಣ ಹೊಡೆಸುವವರು, ಬಣ್ಣ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಬಣ್ಣ ಕೇಳಿ.

ಚೆಲ್ಲುವುದಕ್ಕೆ ಇನ್ನೊಂದು ಕಾರಣ ಇದೆ, ಇದನ್ನು ಹೇಳುವವರು ಕಡಿಮೆ. ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ನಾವು ನೋಡಿ ಮ್ಯಾಕ್ಸ್ ಗೆರೆವರೆಗೆ ತುಂಬಿಸಿಬಿಡುತ್ತೇವೆ. ಆಮೇಲೆ ಹೊಸ ಪ್ಯಾಡ್ ಹಾಕುವಾಗ ಮೆಕ್ಯಾನಿಕ್ ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದಕ್ಕೆ ಒತ್ತುತ್ತಾರೆ, ಆ ದ್ರವವೆಲ್ಲ ವಾಪಸ್ ಡಬ್ಬಿಗೆ ಬಂದು ಉಕ್ಕಿ ಹರಿಯುತ್ತದೆ. ಪ್ಯಾಡ್ ಬದಲಿಸುವ ಮುಂಚೆ ಹೊಸ ಸಿರಿಂಜ್‌ನಲ್ಲಿ ಸ್ವಲ್ಪ ಹೊರಗೆ ತೆಗೆಯಿರಿ.

ನಿಮ್ಮ ಮಡ್‌ಗಾರ್ಡ್‌ನಲ್ಲಿ ಈಗಾಗಲೇ ಎದ್ದ ಗುಳ್ಳೆ ಪಾಲಿಶ್‌ಗೆ ಹೋಗುವುದಿಲ್ಲ. ಚೆನ್ನಾಗಿ ತೊಳೆದು ಒಣಗಿಸಿ, ಸಡಿಲ ಬಣ್ಣ ಪೂರ್ತಿ ಉಜ್ಜಿ ತೆಗೆಸಿ, ಪ್ರೈಮರ್ ಹಾಕಿ ಹೊಡೆಸಬೇಕು. ತೊಳೆಯದೆ ಉಜ್ಜಿದರೆ ಉಳಿದ ದ್ರವ ಹೊಸ ಬಣ್ಣವನ್ನೂ ಎಬ್ಬಿಸುತ್ತದೆ.

ಕೊನೆಗೆ ಬಾನೆಟ್ ಎತ್ತಿ ಒಂದು ಜಾಗ ನೋಡಿ: ಬ್ರೇಕ್ ಡಬ್ಬಿಯ ಕೆಳಗೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳ ಕಡೆ ತಳ್ಳುವ ಭಾಗ) ಇರುತ್ತದೆ, ಅದರ ಹಿಂದೆ ಪೆಡಲ್ ಒತ್ತುವುದನ್ನು ಹಗುರ ಮಾಡುವ ದುಂಡಗಿನ ಕಪ್ಪು ಬೂಸ್ಟರ್. ನೀವು ಚೆಲ್ಲದಿದ್ದರೂ ಅಲ್ಲಿ ಕಪ್ಪು ಬಣ್ಣ ಸಿಪ್ಪೆಯಂತೆ ಏಳುತ್ತಿದ್ದರೆ ಒಳಗಿನ ಸೀಲ್ ಸೋರುತ್ತಿರಬಹುದು. ಆಗ ಬಣ್ಣದ ಚಿಂತೆ ಬಿಡಿ, ಗಾಡಿ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ತೋರಿಸಿ.